40 ಜನರ ಸಭೆ 12ಕ್ಕೆ ಇಳಿದರೆ

ಆಳಂದ ಕಡೆಯ ಹಳ್ಳಿಯಲ್ಲಿ ಜೂನ್‌ನಲ್ಲಿ ಶುರು ಮಾಡಿದ ಕ್ರೈಸ್ತ ಆರಾಧನಾ ಸಭೆಗೆ 40 ಜನ ಬರ್ತಿದ್ದರು, ಜನವರಿಗೆ 12 ಆಯ್ತು, ಬೋಧನೆಯಲ್ಲೇ ತಪ್ಪಿದೆಯಾ, ಈಗ ಜಾಗ ಕೊಳ್ಳಬಹುದಾ ಅಂತ ಕೇಳಿದ್ದೀರಿ. ಬೋಧನೆ ಅಲ್ಲ, ತೊಗರಿ ರಾಶಿ ಮತ್ತು ಗುಳೆ ಕಾರಣ ಅನಿಸುತ್ತೆ. ಚಿತ್ತಾಪುರದ ಹತ್ತಿರ ನಮಗೂ ಹೀಗೇ ಆಗಿತ್ತು.

ಮೊದಲು ಬಾರದ ಮನೆಗಳ ಪಟ್ಟಿ ಮಾಡಿ, ಸಂಜೆ ಒಂದೊಂದಕ್ಕೂ ಹೋಗಿ. ಬೀಗ ಹಾಕಿದ್ದರೆ ಪುಣೆಗೋ ಬೆಂಗಳೂರಿಗೋ ದುಡಿಯಲು ಹೋಗಿರ್ತಾರೆ. ಪಕ್ಕದ ಮನೆಯಲ್ಲಿ ನಂಬರ್ ತಗೊಂಡು ಫೋನಿನಲ್ಲೇ ಅವರ ಜೊತೆ ಪ್ರಾರ್ಥನೆ ಮಾಡಿ. ಊರಲ್ಲಿರುವವರಿಗಾಗಿ ರಾಶಿ ಮುಗಿಯುವವರೆಗೆ ಭಾನುವಾರದ ಆರಾಧನೆಯನ್ನು ರಾತ್ರಿ 8ಕ್ಕೆ ಇಡಿ. ನಾವು ಹಾಗೆ ಮಾಡಿದ ಮೊದಲ ವಾರ ಒಬ್ಬ ಅಕ್ಕ ಹೊಲದಿಂದ ನೇರ ಬಂದರು. ಕೂದಲಲ್ಲಿ ತೊಗರಿ ಹೊಟ್ಟು ಹಾಗೇ ಇತ್ತು. ಚಾಪೆ ಮೇಲೆ ಕೂತು ಕಣ್ಣು ಮುಚ್ಚಿ ಹಾಡಿದರು.

ಊರಲ್ಲಿದ್ದೂ, ರಾತ್ರಿಯೂ ಬಾರದಿದ್ದರೆ ಕಾರಣ ಬೇರೆ. ಮನಸ್ತಾಪ ಇರಬಹುದು, ನೆಂಟರ ಭಯವೂ ಇರಬಹುದು. ಸುಮ್ನೆ ಕೂತು ಕೇಳಿ, ವಾದ ಮಾಡಬೇಡಿ.

ಜಾಗ ಈಗಲೇ ಬೇಡ. ಮೊದಲು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಮಾಡಿಸಿ, ಕನಿಷ್ಠ 7 ಜನ ಬೇಕು. ಗುಳೆ ಹೋಗದವರನ್ನೇ ಜಾಸ್ತಿ ಸೇರಿಸಿ, ಇಲ್ಲದಿದ್ದರೆ ಸಹಿಗೆ ಅಲೆಯಬೇಕಾಗುತ್ತೆ. ಕಾಣಿಕೆ ನಿಮ್ಮ ಸ್ವಂತ ಖಾತೆಗೆ ಬೇಡ, ಸಂಘದ ಹೆಸರಲ್ಲೇ ಖಾತೆ ತೆರೆಯಿರಿ.