‘ಕಡಲ ಕಲಿಗಳು’ ಲೇಖನದ ಬಗ್ಗೆ: ಪದಕಕ್ಕಿಂತ ಮೊದಲು ಆ ರಾತ್ರಿ ಕಾಣಲಿ

ನಮಸ್ಕಾರ. ಭಾರತೀಯ ನೌಕಾಪಡೆಯ ಶೌರ್ಯ ಪದಕಗಳ ಕುರಿತ ನಿಮ್ಮ ಲೇಖನವನ್ನು ಎರಡು ಸಲ ಓದಿದೆವು. ಕನ್ನಡದಲ್ಲಿ ಈ ವಿಷಯ ಮುಟ್ಟುವವರೇ ಕಡಿಮೆ. ಹಾಗಾಗಿ ಇದನ್ನು ಕೈಬಿಡಲು ಮನಸ್ಸಿಲ್ಲ, ಆದರೆ ಈಗಿರುವ ಹಾಗೆ ಪ್ರಕಟಿಸಲೂ ಆಗದು.

ಮೊದಲು ತಪ್ಪುಗಳು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಅವರಿಗೆ ಪರಮವೀರ ಚಕ್ರ ಬಂತು ಎಂದಿದ್ದೀರಿ. ಅವರದು ಮರಣೋತ್ತರ ಮಹಾವೀರ ಚಕ್ರ. ಈವರೆಗಿನ 21 ಪರಮವೀರ ಚಕ್ರಗಳಲ್ಲಿ 20 ಭೂಸೇನೆಯವು, ಒಂದು ವಾಯುಪಡೆಯದು. ನೌಕಾಪಡೆಯದು ಒಂದೂ ಇಲ್ಲ. ಪರಮವೀರ ಚಕ್ರ ನೀವು ಬರೆದಂತೆ ‘ಅಪ್ಪಟ ಚಿನ್ನದ್ದು’ ಕೂಡ ಅಲ್ಲ, ಕಂಚಿನದು. ಮಹಾವೀರ ಚಕ್ರ, ವೀರ ಚಕ್ರಗಳು ಬೆಳ್ಳಿಯವು. ಜಲಾಂತರ್ಗಾಮಿ ಸಿಬ್ಬಂದಿಯ ಎದೆಯ ಮೇಲಿನ ಡಾಲ್ಫಿನ್ ಲಾಂಛನವನ್ನೂ ಶೌರ್ಯ ಪದಕಗಳ ಸಾಲಿಗೆ ಸೇರಿಸಿದ್ದೀರಿ. ಜಲಾಂತರ್ಗಾಮಿಯಲ್ಲಿ ಕೆಲಸ ಮಾಡುವ ಅರ್ಹತೆ ಪಡೆದವರೆಲ್ಲ ಅದನ್ನು ಧರಿಸುತ್ತಾರೆ.

ಇನ್ನೊಂದು ಗೊಂದಲ ಇದಕ್ಕಿಂತ ದೊಡ್ಡದು. ಪರಮವೀರ, ಮಹಾವೀರ, ವೀರ ಚಕ್ರಗಳು ಶತ್ರುವಿನ ಎದುರು ತೋರಿದ ಶೌರ್ಯಕ್ಕೆ. ಅಶೋಕ, ಕೀರ್ತಿ, ಶೌರ್ಯ ಚಕ್ರಗಳು ಶತ್ರು ಎದುರಿಗಿಲ್ಲದಾಗಿನ ಶೌರ್ಯಕ್ಕೆ. 2010ರಲ್ಲಿ ಮುಂಬೈ ಕರಾವಳಿಯಾಚೆ ‘ಶಂಕುಶ್’ ಜಲಾಂತರ್ಗಾಮಿಯ ಮೇಲ್ಭಾಗದಲ್ಲಿದ್ದ ಸಿಬ್ಬಂದಿಯನ್ನು ಅಲೆಗಳು ಸೆಳೆದೊಯ್ದಾಗ, ಅವರನ್ನು ಉಳಿಸಲು ಹೋಗಿ ಲೆಫ್ಟಿನೆಂಟ್ ಕಮಾಂಡರ್ ಫಿರ್ದೌಸ್ ಮೊಗಲ್ ಪ್ರಾಣ ಕೊಟ್ಟರು. ಎದುರಿಗಿದ್ದದ್ದು ಕಡಲು, ಶತ್ರುವಲ್ಲ. ಆದ್ದರಿಂದ ಅವರಿಗೆ ಸಂದದ್ದು ಶೌರ್ಯ ಚಕ್ರ. ನೀವು ವೀರ ಚಕ್ರ ಎಂದು ಬರೆದರೆ ಆ ಘಟನೆಯೇ ಬೇರೆಯಾಗಿಬಿಡುತ್ತದೆ. ಹಾಗೆಯೇ ನೌಸೇನಾ ಪದಕವನ್ನು ಶೌರ್ಯಕ್ಕೂ ಕೊಡುತ್ತಾರೆ, ಕರ್ತವ್ಯನಿಷ್ಠೆಗೂ ಕೊಡುತ್ತಾರೆ. ಯಾವುದಕ್ಕೆ ಎಂದು ಪ್ರತಿ ಹೆಸರಿನ ಮುಂದೆಯೂ ನಮೂದಿಸಬೇಕು.

ನೀವು ಕಳಿಸಿದ ಚಿತ್ರ ತಿರುವುಮುರುವಾಗಿದೆ. ಮಹಾವೀರ ಚಕ್ರದ ರಿಬ್ಬನ್ ಅರ್ಧ ಬಿಳಿ, ಅರ್ಧ ಕಿತ್ತಳೆ. ಪದಕ ಇರಬೇಕಾದದ್ದು ಎಡ ಎದೆಯ ಮೇಲೆ, ಕಿತ್ತಳೆ ಭಾಗ ಎಡ ಭುಜದ ಕಡೆಗೆ. ಎಂದರೆ ನೋಡುವವರಿಗೆ ಬಿಳಿ ಎಡಕ್ಕೆ, ಕಿತ್ತಳೆ ಬಲಕ್ಕೆ ಕಾಣಬೇಕು. ನಿಮ್ಮ ಚಿತ್ರದಲ್ಲಿ ಪದಕ ಬಲ ಎದೆಗೆ ಹೋಗಿದೆ, ಬಣ್ಣಗಳೂ ಅದಲುಬದಲಾಗಿವೆ. ನೆಗೆಟಿವ್ ಮಗುಚಿ ಸ್ಕ್ಯಾನ್ ಮಾಡಿದಾಗ ಹೀಗಾಗುತ್ತದೆ. ಸರಿಪಡಿಸಿ ಕಳಿಸಿ.

ಈಗ ಬರವಣಿಗೆ. ಮುಲ್ಲಾ ನಾಯಕರಾಗಿದ್ದ ‘ಖುಕ್ರಿ’ ಯುದ್ಧನೌಕೆಯ ಭಾಗದಲ್ಲಿ ‘ವೀರಪುತ್ರ’, ‘ಸಿಂಹಹೃದಯಿ’ ಮುಂತಾದ ವಿಶೇಷಣಗಳಿಗೆ ಮೂರು ಪ್ಯಾರಾ ಹೋಗಿವೆ, ಹಡಗು ಮುಳುಗಿದ್ದಕ್ಕೆ ಒಂದೇ ಸಾಲು. 1971ರ ಡಿಸೆಂಬರ್ 9ರ ರಾತ್ರಿ, ದಿಯು ತೀರದಾಚೆ, ಜಲಾಂತರ್ಗಾಮಿ ಬೇಟೆಗೆ ಹೊರಟಿದ್ದ ಖುಕ್ರಿಗೆ ಪಾಕಿಸ್ತಾನದ ‘ಹಂಗೋರ್’ ಜಲಾಂತರ್ಗಾಮಿಯ ಟಾರ್ಪಿಡೊ ಬಡಿಯಿತು. ಹಡಗು ಮುಳುಗಲು ಹಿಡಿದದ್ದು ಕೆಲವೇ ನಿಮಿಷ. ಅಷ್ಟರೊಳಗೆ ಮುಲ್ಲಾ ತಮ್ಮ ಜೀವರಕ್ಷಕ ಜಾಕೆಟನ್ನು ಇನ್ನೊಬ್ಬರಿಗೆ ಕೊಟ್ಟು, ತಾವು ಹಡಗಿನಲ್ಲೇ ಉಳಿದರು. 18 ಅಧಿಕಾರಿಗಳು, 176 ನಾವಿಕರು ಪ್ರಾಣ ಕಳೆದುಕೊಂಡರು. ಆ ಜಾಕೆಟನ್ನು ಓದುಗರಿಗೆ ಕಾಣಿಸಿ. ಅದಾದ ಮೇಲೆ ‘ಸಿಂಹಹೃದಯಿ’ ಬೇಕಾಗುವುದಿಲ್ಲ.

ನೀವು ಕೊಟ್ಟ ಒಂಬತ್ತು ಹೆಸರೂ ಅಧಿಕಾರಿಗಳವೇ. ಲೀಡಿಂಗ್ ಸೀಮನ್ ಚಿಮನ್ ಸಿಂಗ್ ಎಲ್ಲಿ? ಅದೇ ಡಿಸೆಂಬರಿನಲ್ಲಿ ಈಗಿನ ಬಾಂಗ್ಲಾದೇಶದ ಖುಲ್ನಾ ಬಳಿ ದೋಣಿ ಮುಳುಗಿ, ಗಾಯಗೊಂಡು, ದಡದಿಂದ ಗುಂಡು ಬರುತ್ತಿದ್ದಾಗಲೂ ಅವರು ಜೊತೆಗಾರರನ್ನು ಕಾಪಾಡಿದರು. ಮಹಾವೀರ ಚಕ್ರ ಪಡೆದ ನಾವಿಕ ಅವರು. ಅವರನ್ನು ಬಿಟ್ಟ ಪಟ್ಟಿಯನ್ನು ನಾವು ಅಚ್ಚು ಮಾಡಲಾರೆವು.

‘ಪದಕ ಗೆದ್ದರು’ ಎಂದು ಎಲ್ಲ ಕಡೆ ಬರೆದಿದ್ದೀರಿ. ಅದು ಕ್ರೀಡಾಪುಟದ ಮಾತು. ‘ಪದಕಕ್ಕೆ ಪಾತ್ರರಾದರು’, ‘ಪದಕ ಸಂದಿತು’ ಎನ್ನಿ. ಘೋಷಣೆಯಾದ ದಿನ, ರಾಷ್ಟ್ರಪತಿಗಳು ಪ್ರದಾನ ಮಾಡಿದ ದಿನ, ಘಟನೆ ನಡೆದ ದಿನ ಮೂರೂ ಬೇರೆ ಬೇರೆ, ನಿಮ್ಮಲ್ಲಿ ಕಲಸಿಹೋಗಿವೆ.

ಒಂದು ಸಲಹೆ: ಒಂಬತ್ತು ಜನರನ್ನು ಬಿಟ್ಟು 1971ರ ಡಿಸೆಂಬರ್ 4ರ ಕರಾಚಿ ದಾಳಿಯೊಂದನ್ನೇ ಹಿಡಿಯಿರಿ. ನಿಪಟ್, ನಿರ್ಘಾತ್, ವೀರ್ ಕ್ಷಿಪಣಿ ದೋಣಿಗಳ ಜೊತೆ ಹೋದ ಕಿಲ್ತಾನ್ ಹಡಗಿನ ಕಮಾಂಡರ್ ಕಾಸರಗೋಡು ಪಟ್ಟಣಶೆಟ್ಟಿ ಗೋಪಾಲ ರಾವ್ ಅವರಿಗೂ ಮಹಾವೀರ ಚಕ್ರ ಸಂದಿದೆ. ಹೆಸರಲ್ಲೇ ಕಾಸರಗೋಡು ಇರುವಾಗ ನಮ್ಮ ಓದುಗರು ಕುತೂಹಲದಿಂದ ಓದುತ್ತಾರೆ. ಪದಕದ ಜೊತೆ ಕೊಡುವ ಪ್ರಶಸ್ತಿಪತ್ರದ ಒಕ್ಕಣೆಯನ್ನು ಪೂರ್ತಿ ಓದಿ, ಅದರಲ್ಲಿನ ಕ್ರಿಯಾಪದಗಳಿಗೆ ಗೆರೆ ಹಾಕಿ. ಲೇಖನ ಅಲ್ಲಿಂದ ಶುರುವಾಗಲಿ. 900 ಪದ ಮೀರುವುದು ಬೇಡ. ತಿದ್ದಿದ ಪ್ರತಿ ಡಿಸೆಂಬರ್ ಸಂಚಿಕೆಗೆ ಸಿಕ್ಕರೆ ನೌಕಾ ದಿನದ ಹೊತ್ತಿಗೆ ಹಾಕುತ್ತೇವೆ.