ಕೆಲಸ ಬಿಟ್ಟು ಜರ್ಮನಿಗೆ ಹೋಗಿ ಕೆಲಸ ಹುಡುಕಲೇ?

ಪ್ರಶ್ನೆ: ನನಗೆ 31 ವರ್ಷ, ಊರು ದಾವಣಗೆರೆ. ವಿಟಿಯುನಲ್ಲಿ ಮೆಕ್ಯಾನಿಕಲ್ ಬಿಇ ಮುಗಿಸಿ 8 ವರ್ಷದಿಂದ ಪೀಣ್ಯದ ಕಂಪನಿಯೊಂದರಲ್ಲಿ ಡಿಸೈನ್ ಇಂಜಿನಿಯರ್ ಆಗಿದ್ದೇನೆ. ಜರ್ಮನಿಯ ಚಾನ್ಸೆನ್‌ಕಾರ್ಟೆ ವೀಸಾ ಪಡೆದು, ಅಲ್ಲಿಗೇ ಹೋಗಿ ಕೆಲಸ ಹುಡುಕುವ ಆಸೆ. ಜರ್ಮನ್ ಭಾಷೆಯ ಮೊದಲ ಹಂತ ಎ1 ಮುಗಿದಿದೆ. ಮುಂದಿನ ತಿಂಗಳು ರಾಜೀನಾಮೆ ಕೊಟ್ಟು ಪೂರ್ತಿ ತಯಾರಿಗೆ ಕೂರೋಣ ಅಂದುಕೊಂಡಿದ್ದೇನೆ. ಖರ್ಚಿಗೆ ಪಿಎಫ್ ತೆಗೆಯಬಹುದು. ಏಜೆಂಟ್ ಒಬ್ಬರು 3 ಲಕ್ಷ ಕೊಟ್ಟರೆ ವೀಸಾ, ಕೆಲಸ ಎರಡೂ ಗ್ಯಾರಂಟಿ ಅನ್ನುತ್ತಾರೆ. ಸರಿಯೇ?
– ಹೆಸರು ಬೇಡ

ಉತ್ತರ: ಹೋಗುವ ಯೋಚನೆ ಚೆನ್ನಾಗಿದೆ. ಆದರೆ ಮುಂದಿನ ತಿಂಗಳು ರಾಜೀನಾಮೆ ಕೊಡಬೇಡಿ. ವೀಸಾ ಪಾಸ್‌ಪೋರ್ಟಿನಲ್ಲಿ ಅಂಟಿದ ಮೇಲೆ ಕೊಡಿ.

ಚಾನ್ಸೆನ್‌ಕಾರ್ಟೆ ಶುರುವಾಗಿದ್ದು 2024ರ ಜೂನ್ 1ರಂದು. ಮೊದಲ ಬಾರಿಗೆ ಸಿಗುವ ಅವಧಿ ಹೆಚ್ಚೆಂದರೆ ಒಂದು ವರ್ಷ. ಅಷ್ಟರಲ್ಲಿ ನಿಮ್ಮ ಓದಿಗೆ ತಕ್ಕ ಕೆಲಸ ಹುಡುಕಬೇಕು. ಹುಡುಕುವಾಗ ವಾರಕ್ಕೆ 20 ಗಂಟೆ ಪಾರ್ಟ್ ಟೈಮ್ ದುಡಿಯಬಹುದು. ಅರ್ಹತೆಯ ಬಗ್ಗೆ ನಿಮಗೆ ಜಾಸ್ತಿ ಚಿಂತೆ ಬೇಡ. ಕನಿಷ್ಠ 6 ಅಂಕ ಬೇಕು. 35 ದಾಟದ ವಯಸ್ಸಿಗೆ 2, ಕಳೆದ 7 ವರ್ಷದಲ್ಲಿ 5 ವರ್ಷ ಓದಿಗೆ ಸಂಬಂಧಿಸಿದ ಅನುಭವಕ್ಕೆ 3, ಇಂಜಿನಿಯರಿಂಗ್ ಕೊರತೆಯ ವೃತ್ತಿಗಳ ಪಟ್ಟಿಯಲ್ಲಿ ಇರುವುದಕ್ಕೆ 1. ಅಲ್ಲಿಗೆ 6 ಆಯಿತು. ಅನಾಬಿನ್ ಎಂಬ ಜರ್ಮನ್ ಡೇಟಾಬೇಸ್‌ನಲ್ಲಿ ವಿಶ್ವವಿದ್ಯಾಲಯದ ಹೆಸರಿಗೆ ಮಾನ್ಯತೆ ಇದೆ ಎಂದು ಹೇಳುವ ‘ಎಚ್ ಪ್ಲಸ್’ ಗುರುತು ಇದೆಯೇ, ನಿಮ್ಮ ಪದವಿ ಅಲ್ಲಿನ ಪದವಿಗೆ ಸಮ ಎಂದಿದೆಯೇ ನೋಡಿ. ಎರಡೂ ಇದ್ದರೆ ಅಂಕದ ಲೆಕ್ಕವೇ ಬೇಕಾಗದು.

ನನಗೆ ಕಳವಳ ಇರುವುದು ನಿಮ್ಮ ಎ1 ಬಗ್ಗೆ. ವೀಸಾಕ್ಕೆ ಅದು ಸಾಕು, ಕೆಲಸಕ್ಕೆ ಸಾಲದು. ಸಾಫ್ಟ್‌ವೇರ್‌ನವರು ಬರ್ಲಿನ್‌ನಲ್ಲಿ ಇಂಗ್ಲಿಷಿನಲ್ಲೇ ದಿನ ತಳ್ಳಬಹುದು. ಮೆಕ್ಯಾನಿಕಲ್ ಡಿಸೈನ್ ಹಾಗಲ್ಲ. ಗೇರ್, ವಾಲ್ವ್, ಪ್ಯಾಕಿಂಗ್ ಯಂತ್ರ ಮಾಡುವ ಮಧ್ಯಮ ಗಾತ್ರದ ಕಂಪನಿಗಳು ಎಷ್ಟೋ ಕಡೆ ಸಣ್ಣ ಊರುಗಳಲ್ಲಿವೆ. ಡ್ರಾಯಿಂಗ್ ಮೂಲೆಯ ಟಿಪ್ಪಣಿ ಜರ್ಮನ್‌ನಲ್ಲಿರುತ್ತದೆ. ಟಾಲರೆನ್ಸ್ (ಅಳತೆಯಲ್ಲಿ ಒಪ್ಪುವಷ್ಟು ವ್ಯತ್ಯಾಸ) ಹೊಂದುತ್ತಿಲ್ಲ ಎಂದು ಶಾಪ್ ಫ್ಲೋರ್‌ನವರು ಫೋನ್ ಮಾಡುವುದೂ ಜರ್ಮನ್‌ನಲ್ಲೇ. ಆ ಫೋನಿಗೆ ಉತ್ತರ ಕೊಡಲು ಬರುವವರನ್ನೇ ಅವರು ಮೊದಲು ನೋಡುತ್ತಾರೆ. ಜೊತೆಗೆ ಈಗ ಅಲ್ಲಿನ ವಾಹನ ಉದ್ಯಮ ಬಿಗಿ ಹಿಡಿದಿದೆ. 2030ರೊಳಗೆ 35,000ಕ್ಕೂ ಹೆಚ್ಚು ಹುದ್ದೆ ಕಡಿಮೆ ಮಾಡಲು ಫೋಕ್ಸ್‌ವಾಗನ್ 2024ರ ಡಿಸೆಂಬರಿನಲ್ಲಿ ಒಪ್ಪಂದ ಮಾಡಿಕೊಂಡಿತು. ನೀವು ಆಟೊ ಬಿಡಿಭಾಗದಲ್ಲಿದ್ದರೆ ಯಂತ್ರೋಪಕರಣ, ವೈದ್ಯಕೀಯ ಸಾಧನ, ರೈಲ್ವೆ ಕಡೆಗೂ ಅರ್ಜಿ ಹಾಕಿ.

ಹಾಗಾಗಿ ಕನಿಷ್ಠ ಮೂರನೇ ಹಂತವಾದ ಬಿ1 ಇಲ್ಲೇ ಮುಗಿಸಿ. ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲೋ ಆನ್‌ಲೈನ್‌ನಲ್ಲೋ, ಕೆಲಸ ಮಾಡಿಕೊಂಡೇ ಕಲಿಯಿರಿ. ಸುಸ್ತಾಗುತ್ತದೆ, ಒಪ್ಪುತ್ತೇನೆ. ಆದರೆ ಅಲ್ಲಿಗೆ ಹೋಗಿ ಕಲಿತರೆ ಒಂದು ವರ್ಷದ ವೀಸಾದಲ್ಲಿ ಅರ್ಧ ಕ್ಲಾಸಿಗೇ ಹೋಗುತ್ತದೆ. ಜೊತೆಗೆ ಇಲ್ಲಿಂದಲೇ ನೇರ ಅರ್ಜಿ ಹಾಕುತ್ತಿರಿ. ಆಫರ್ ಬಂದರೆ ಚಾನ್ಸೆನ್‌ಕಾರ್ಟೆಯೇ ಬೇಡ, ಕೆಲಸ ಸಿಕ್ಕ ಪದವೀಧರರಿಗೆ ಕೊಡುವ ಬ್ಲೂ ಕಾರ್ಡ್ ಕೇಳಬಹುದು. ಕೊರತೆಯ ವೃತ್ತಿಗಳಿಗೆ 2025ರಲ್ಲಿ ಇದ್ದ ಸಂಬಳದ ಮಿತಿ ವರ್ಷಕ್ಕೆ 43,759.80 ಯೂರೋ.

ಇನ್ನು ದುಡ್ಡು. ಚಾನ್ಸೆನ್‌ಕಾರ್ಟೆಗೆ 2025ರ ಲೆಕ್ಕದಲ್ಲಿ ತಿಂಗಳಿಗೆ 1,091 ಯೂರೋ, ಅಂದರೆ ವರ್ಷಕ್ಕೆ 13,092 ಯೂರೋ ಬ್ಲಾಕ್ಡ್ ಖಾತೆಯಲ್ಲಿ (ಒಮ್ಮೆಲೇ ಹಣ ತೆಗೆಯಲಾಗದ ಖಾತೆ) ತೋರಿಸಬೇಕು. ಯೂರೋಗೆ 100 ರೂಪಾಯಿ ಹಿಡಿದರೂ 13 ಲಕ್ಷ. ಇಲ್ಲಿ ಬಹಳ ಜನ ಎಡವುತ್ತಾರೆ. ಒಂದು ಹಣಕಾಸು ವರ್ಷದಲ್ಲಿ 10 ಲಕ್ಷ ಮೀರಿ ಹೊರಗೆ ಕಳಿಸಿದ ಭಾಗಕ್ಕೆ ಬ್ಯಾಂಕ್ 20% ಟಿಸಿಎಸ್, ಅಂದರೆ ಮುಂಗಡ ತೆರಿಗೆ, ಹಿಡಿಯುತ್ತದೆ. ನಿಮ್ಮ ಲೆಕ್ಕದಲ್ಲಿ ಸುಮಾರು 60,000 ರೂಪಾಯಿ. ಅದು ಕಳೆದುಹೋಗುವುದಿಲ್ಲ, ರಿಟರ್ನ್ಸ್ ಹಾಕಿದಾಗ ವಾಪಸ್ ಬರುತ್ತದೆ. ಕೆಲಸದಲ್ಲೇ ಇದ್ದರೆ ಕಂಪನಿಗೆ ತಿಳಿಸಿ ಸಂಬಳದ ಟಿಡಿಎಸ್‌ನಲ್ಲೇ ಹೊಂದಿಸಿಕೊಳ್ಳಬಹುದು. ಇನ್ನೊಂದು ದಾರಿ, ಅರ್ಧ ಮಾರ್ಚ್‌ನಲ್ಲಿ, ಉಳಿದದ್ದು ಏಪ್ರಿಲ್‌ನಲ್ಲಿ ಕಳಿಸುವುದು.

ಅಲ್ಲಿ ಮನೆಗೆ ಅಡ್ವಾನ್ಸ್ ಮೂರು ತಿಂಗಳ ಬಾಡಿಗೆವರೆಗೂ ಕೇಳಬಹುದು. ಅದು ಬ್ಲಾಕ್ಡ್ ಖಾತೆಯಿಂದ ಬರುವುದಿಲ್ಲ, ಏಕೆಂದರೆ ಆ ಹಣ ತಿಂಗಳ ಕಂತಿನಲ್ಲಷ್ಟೇ ಬಿಡುಗಡೆ. ಆದ್ದರಿಂದ ಕೈಯಲ್ಲಿ ಬೇರೆ 3-4 ಲಕ್ಷ ಇರಲಿ.

ಪಿಎಫ್ ಮುಟ್ಟಬೇಡಿ. ಕೆಲಸ ಸಿಗದೆ ವಾಪಸ್ ಬಂದರೆ ಕಾಲೂರಲು ಅದೇ ಇರಬೇಕು. ಪೆನ್ಷನ್ ಭಾಗವನ್ನಂತೂ ತೆಗೆಯಲೇಬೇಡಿ, ಈವರೆಗಿನ ಸೇವಾವಧಿಯನ್ನು ಉಳಿಸಿಕೊಡುವ ಸ್ಕೀಮ್ ಸರ್ಟಿಫಿಕೇಟ್ ತೆಗೆದುಕೊಳ್ಳಿ. ಪೆನ್ಷನ್‌ಗೆ 10 ವರ್ಷ ಬೇಕು, ನಿಮ್ಮದು 8 ಆಗಿದೆ. ಭಾರತ–ಜರ್ಮನಿ ಸಾಮಾಜಿಕ ಭದ್ರತಾ ಒಪ್ಪಂದ 2017ರಿಂದ ಜಾರಿಯಲ್ಲಿದೆ. ಅರ್ಹತೆಗೆ ಎರಡೂ ದೇಶಗಳ ಸೇವಾವಧಿ ಕೂಡಿಸಿ ಲೆಕ್ಕ ಹಾಕಲು ಅದರಲ್ಲಿ ಅವಕಾಶವಿದೆ.

ಏಜೆಂಟ್ ವಿಷಯದಲ್ಲಿ ಖಡಾಖಂಡಿತವಾಗಿ ಹೇಳುತ್ತೇನೆ: ಬೇಡ. ಕೆಲಸ ಹುಡುಕಲೆಂದೇ ಕೊಡುವ ವೀಸಾಕ್ಕೆ ಕೆಲಸದ ಗ್ಯಾರಂಟಿ ಹೇಗೆ ಬರುತ್ತದೆ? ವೀಸಾ ಶುಲ್ಕ 75 ಯೂರೋ, ಅರ್ಜಿ ನೀವೇ ಆನ್‌ಲೈನ್‌ನಲ್ಲಿ ಹಾಕಬಹುದು. ಕರ್ನಾಟಕದವರಿಗೆ ಬೆಂಗಳೂರಿನ ಜರ್ಮನ್ ಕಾನ್ಸುಲೇಟ್ ಇದೆ. ವಿದೇಶಿ ಕೆಲಸ ಕೊಡಿಸುವ ನೋಂದಾಯಿತ ಏಜೆಂಟರು ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾ ಶುಲ್ಕಕ್ಕೂ ಸರ್ಕಾರ ಮಿತಿ ಹಾಕಿದೆ: 30,000 ರೂಪಾಯಿ ಮತ್ತು ಜಿಎಸ್‌ಟಿ. ಅವರು ಕೇಳಿದ್ದು ಅದರ ಹತ್ತು ಪಟ್ಟು.

ಅರ್ಜಿಯಲ್ಲಿ ಪ್ರಯಾಣದ ದಿನಾಂಕ ಬರೆಯುವಾಗ ನೋಟಿಸ್ ಅವಧಿ ಸೇರಿಸಿ ಲೆಕ್ಕ ಹಾಕಿ. 90 ದಿನ ನೋಟಿಸ್ ಇದ್ದು, ವೀಸಾ ಮುಂದಿನ ವಾರದಿಂದಲೇ ಶುರುವಾದರೆ ಮೂರು ತಿಂಗಳು ಇಲ್ಲೇ ಕರಗಿಹೋಗುತ್ತದೆ. ಕಂಪನಿ ಬಿಡುವಾಗ ಅನುಭವ ಪತ್ರದಲ್ಲಿ ಬರೀ ಹುದ್ದೆಯ ಹೆಸರಿದ್ದರೆ ಒಪ್ಪಬೇಡಿ. ಯಾವ ಯಂತ್ರ, ಯಾವ ಸಾಫ್ಟ್‌ವೇರ್, ಏನು ಜವಾಬ್ದಾರಿ ಎಂದು ನಾಲ್ಕು ಸಾಲು ಬರೆಸಿಕೊಳ್ಳಿ. ಜರ್ಮನಿಯಲ್ಲಿ ಆ ಪತ್ರವನ್ನು ಗಮನವಿಟ್ಟು ಓದುತ್ತಾರೆ. ಕಂಪನಿಯ ಗುಂಪು ಆರೋಗ್ಯ ವಿಮೆಯಲ್ಲಿ ಅಪ್ಪ ಅಮ್ಮ ಇದ್ದರೆ ಅವರಿಗೆ ಬೇರೆ ಪಾಲಿಸಿ ಮೊದಲೇ ಮಾಡಿಸಿ. ಆಧಾರ್, ಬ್ಯಾಂಕ್, ಪಿಎಫ್‌ಗೆ ಜೋಡಿಸಿದ ಸಿಮ್ ಅನ್ನು ರೋಮಿಂಗ್ ಹಾಕಿಸಿ ಜೊತೆಗೇ ಒಯ್ಯಿರಿ. ಒಟಿಪಿ ಬರುವುದು ಅದಕ್ಕೇ ಅಲ್ವಾ.