ಆ್ಯಂಕರ್ ಆಗುವ ಮೊದಲು, ಯಾವ ಬೈಲೂರು ಅಂತ ಕೇಳಿ

ಪ್ರಶ್ನೆ: ಮೇಡಂ, ನಾನು ಉಡುಪಿಯ ಕಾಲೇಜೊಂದರಲ್ಲಿ ಎರಡನೇ ವರ್ಷದ ಬಿ.ಎ. ಓದುತ್ತಿದ್ದೇನೆ. ಪತ್ರಿಕೋದ್ಯಮವೂ ಒಂದು ವಿಷಯ. ಟಿವಿ ಆ್ಯಂಕರ್ ಆಗಬೇಕೆಂಬ ಆಸೆ. ಅಪ್ಪ ಬಿ.ಎಡ್. ಮಾಡು ಅಂತಾರೆ. ಅಮ್ಮನಿಗೆ ರಾತ್ರಿ ಪಾಳಿಯದ್ದೇ ಚಿಂತೆ. ನಮ್ಮದು ತುಳು ಮನೆಮಾತು. ‘ನಿನ್ನ ಕನ್ನಡ ಟಿವಿಯವರ ಹಾಗೆ ಇಲ್ಲ’ ಅಂತ ಗೆಳತಿಯರು ನಗುತ್ತಾರೆ. ಡಿಗ್ರಿ ಮುಗಿದ ಕೂಡಲೇ ಬೆಂಗಳೂರಿಗೆ ಹೋಗಲಾ, ಎಂ.ಎ. ಮಾಡಲಾ?
– ಹೆಸರು ಬೇಡ, ಕಾಪು

ಉತ್ತರ: ದಿನಾ ಟಿವಿಯಲ್ಲಿ ಕಾಣಿಸಿಕೊಳ್ಳಬೇಕು, ಆದರೆ ಪತ್ರಿಕೆಯಲ್ಲಿ ಹೆಸರು ಬೇಡ! ಇರಲಿ, ಮನೆಯವರ ಭಯ ಅರ್ಥವಾಗುತ್ತದೆ.

ಮೊದಲು ಆ ಗೆಳತಿಯರ ನಗುವಿನ ವಿಚಾರ. ವೇಷ, ಕುಣಿತ ಇಲ್ಲದೆ ಬರೀ ಹಾಡು, ಮಾತಿನಲ್ಲೇ ನಡೆಯುವ ಯಕ್ಷಗಾನ, ಅಂದರೆ ತಾಳಮದ್ದಳೆ ನಡೆಯುವ ಊರಿನವರು ನೀವು. ಇಂಗ್ಲಿಷಿನ ಒಂದು ಪದವೂ ನುಸುಳದ ಹಾಗೆ ರಾತ್ರಿಯಿಡೀ ವಾದ ಮಾಡುವ ಅರ್ಥಧಾರಿಗಳು ನಿಮ್ಮ ಪಕ್ಕದ ದೇವಸ್ಥಾನದಲ್ಲೇ ಸಿಗುತ್ತಾರೆ. ಹೋಗಿ ಕೂತು ಕೇಳಿ, ಉಚ್ಚಾರಕ್ಕೆ ಬೇರೆ ಕೋಚಿಂಗ್ ಬೇಡ. ಇನ್ನು ತುಳು. ಅದು ಅಡ್ಡಿ ಅಂತ ಯಾರು ಹೇಳಿದ್ದು? ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಆಗ ಮಲ್ಪೆ ಬಂದರಿಗೆ ಹೋಗಿ, ಲಂಗರು ಹಾಕಿದ ಬೋಟಿನ ತಂಡೇಲರೊಬ್ಬರನ್ನು, ಅಂದರೆ ಬೋಟು ನಡೆಸುವವರನ್ನು, ಕನ್ನಡದಲ್ಲಿ ಮಾತಾಡಿಸಿ. ‘ಸರಕಾರ ನಮಗೆ ಸಹಾಯ ಮಾಡಬೇಕು’ ಅಂತ ಒಂದು ಸಾಲು ಸಿಗುತ್ತದೆ. ಅವರನ್ನೇ ತುಳುವಿನಲ್ಲಿ ಕೇಳಿ. ಡೀಸೆಲ್‌ಗೆ ಎಷ್ಟಾಯಿತು, ಐಸ್‌ಗೆ ಎಷ್ಟು, ಕೊನೆಯ ಟ್ರಿಪ್‌ನಲ್ಲಿ ಬಲೆಗೆ ಏನು ಬಿತ್ತು, ಸಾಲ ಯಾರ ಹತ್ತಿರ, ಎಲ್ಲ ಹೊರಗೆ ಬರುತ್ತದೆ. ಬೆಂಗಳೂರಿನಿಂದ ಬಂದ ವರದಿಗಾರನಿಗೆ ಇದು ಸಿಗುವುದಿಲ್ಲ. ನಿಮಗೆ ಬಸ್ ಚಾರ್ಜಿನಲ್ಲಿ ಸಿಗುತ್ತದೆ.

ಈಗ ಆ್ಯಂಕರಿಂಗ್. ಪ್ರಾಂಪ್ಟರ್, ಅಂದರೆ ಕ್ಯಾಮೆರಾ ಮುಂದಿನ ಪರದೆ ನೋಡಿ ಓದುವುದನ್ನು ಯಾರಾದರೂ ಕೆಲವು ತಿಂಗಳಲ್ಲಿ ಕಲಿಯುತ್ತಾರೆ. ಪ್ರಾಂಪ್ಟರ್‌ನಲ್ಲಿ ಬಂದದ್ದು ತಪ್ಪು ಅಂತ ಗೊತ್ತಾಗಬೇಕಲ್ಲ, ಅದಕ್ಕೆ ವರ್ಷಗಳು ಬೇಕು. ನಮ್ಮ ಡೆಸ್ಕ್‌ಗೆ ಬಂದ ಹೊಸಬರಿಗೆ ನಾನು ಮೊದಲು ಕೊಡುತ್ತಿದ್ದದ್ದು ಅಪಘಾತದ ಸುದ್ದಿ. ‘ಬೈಲೂರಿನಲ್ಲಿ ಬೈಕ್‌ಗೆ ಟಿಪ್ಪರ್ ಡಿಕ್ಕಿ, ಸವಾರ ಸಾವು’ ಅಂತ ವಾಟ್ಸ್‌ಆ್ಯಪ್‌ನಲ್ಲಿ ಬರುತ್ತದೆ. ಯಾವ ಬೈಲೂರು? ಉಡುಪಿ ಪೇಟೆಯಲ್ಲೇ ಒಂದಿದೆ. ಕಾರ್ಕಳ ತಾಲ್ಲೂಕಿನಲ್ಲಿ ಒಂದಿದೆ. ಭಟ್ಕಳದ ಕಡೆ ಮತ್ತೊಂದು. ಹಾಗಾದರೆ ಯಾವ ಠಾಣೆಗೆ ಫೋನ್ ಮಾಡುತ್ತೀರಿ? ಸವಾರ ಸತ್ತದ್ದು ಸ್ಥಳದಲ್ಲೋ, ಆಸ್ಪತ್ರೆಯಲ್ಲೋ, ಅಥವಾ ಇನ್ನೂ ಐಸಿಯುನಲ್ಲಿ ಇದ್ದಾರೋ? ಅರ್ಧ ಊರಿಗೆ ಶೆಟ್ಟಿ, ಪೂಜಾರಿ, ಡಿಸೋಜ ಅಂತ ಅಡ್ಡಹೆಸರು ಇರುವ ಜಿಲ್ಲೆ ಇದು. ವಯಸ್ಸು, ಮನೆ ಇರುವ ಜಾಗ ಹಾಕದಿದ್ದರೆ ಬೆಳಿಗ್ಗೆ ಬೇರೆ ಯಾರದೋ ಮನೆಗೆ ಜನ ಓಡುತ್ತಾರೆ. ಎಲ್ಲಕ್ಕಿಂತ ಮುಖ್ಯ, ಮನೆಯವರಿಗೆ ವಿಷಯ ಮುಟ್ಟಿದೆಯಾ? ನಾಲ್ಕು ಸಾಲಿನ ಸುದ್ದಿಗೆ ಐದಾರು ಫೋನ್. ಈ ಕೆಲಸ ನಿಮಗೆ ಕಿರಿಕಿರಿ ಅನ್ನಿಸಿದರೆ ಅಪ್ಪನ ಮಾತು ಕೇಳಿ, ಬಿ.ಎಡ್. ಒಳ್ಳೆಯದೇ. ‘ಅಯ್ಯೋ, ಸರಿಯಾಗಿ ತಿಳಿಯದೆ ಬಿಡೋದು ಹೇಗೆ’ ಅನ್ನಿಸಿದರೆ ನೀವು ನಮ್ಮವರು.

ಆದ್ದರಿಂದ ಡಿಗ್ರಿ ಮುಗಿದ ಕೂಡಲೇ ಬೆಂಗಳೂರಿನ ಬಸ್ಸು ಹತ್ತುವುದು ಬೇಡ ಅಂತ ನನ್ನ ಅಭಿಪ್ರಾಯ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ 1843ರಲ್ಲಿ ಇಲ್ಲಿಂದಲೇ ಹೊರಟಿತು ಎಂದು ಪ್ರತಿ ಜುಲೈ 1ರ ಪತ್ರಿಕಾ ದಿನದ ಭಾಷಣದಲ್ಲಿ ಕೇಳಿ ನಿಮಗೆ ಸಾಕಾಗಿರಬಹುದು. ಅದನ್ನು ಬಿಡಿ. 1970ರಲ್ಲಿ ಮಣಿಪಾಲದಲ್ಲಿ ಶುರುವಾದ ‘ಉದಯವಾಣಿ’ಯ ಹಳೆಯ ಸಂಚಿಕೆಗಳು ಯಾವುದಾದರೂ ಲೈಬ್ರರಿಯಲ್ಲಿ ಸಿಕ್ಕರೆ ‘ಕುಗ್ರಾಮ ಗುರುತಿಸಿ’ ಅಭಿಯಾನದ ವರದಿಗಳನ್ನು ಹುಡುಕಿ ಓದಿ. ರಸ್ತೆ ಇಲ್ಲದ ಹಳ್ಳಿಯೂ ಓದಿಸಿಕೊಂಡು ಹೋಗುವ ಸುದ್ದಿ ಹೇಗಾಗುತ್ತದೆ ಅಂತ ಗೊತ್ತಾಗುತ್ತದೆ.

ನಿಮಗೆ ಒಂದು ಕೆಲಸ ಕೊಡುತ್ತೇನೆ. ಕಾಪು ಪುರಸಭೆಗೆ ಒಂದು ಆರ್‌ಟಿಐ ಹಾಕಿ. ಮಳೆಗಾಲಕ್ಕೆ ಮುಂಚೆ ಯಾವ ಯಾವ ಚರಂಡಿ ಹೂಳೆತ್ತಿದ್ದಾರೆ, ಬಿಲ್ ಎಷ್ಟು ಪಾಸಾಗಿದೆ, ಇಷ್ಟೇ ಕೇಳಿ. 10 ರೂಪಾಯಿ ಶುಲ್ಕ, 30 ದಿನದೊಳಗೆ ಮಾಹಿತಿ ಕೊಡಬೇಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಈ ನಿಯಮಕ್ಕೆ ಬೈಯುವವರು ಜಾಸ್ತಿ, ನಾನೂ ಬೈದಿದ್ದೇನೆ. ಆದರೆ ಬರೆಯಲು ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಹೋಂವರ್ಕ್ ಇಲ್ಲ. ಉತ್ತರ ಬಂದ ಮೇಲೆ ಕಾಗದ ಹಿಡಿದುಕೊಂಡು ಆ ಚರಂಡಿಗಳ ಉದ್ದಕ್ಕೂ ನಡೆಯಿರಿ. ಅಕ್ಕಪಕ್ಕದ ಮನೆಯವರನ್ನು ಮಾತಾಡಿಸಿ. 300 ಪದಗಳಲ್ಲಿ ಬರೆದು ಸ್ಥಳೀಯ ಪತ್ರಿಕೆಯ ಬ್ಯೂರೋಗೆ ತೆಗೆದುಕೊಂಡು ಹೋಗಿ. ಹಾಕುತ್ತಾರೋ ಬಿಡುತ್ತಾರೋ, ನಿಮ್ಮ ಮುಖ ಪರಿಚಯವಾಗುತ್ತದೆ, ಇಂಟರ್ನ್‌ಶಿಪ್ ಕೇಳಲು ಬಾಯಿ ಬರುತ್ತದೆ. ಧ್ವನಿಯ ಆಸೆ ಇದ್ದರೆ ಮಣಿಪಾಲದಲ್ಲಿ ಸಮುದಾಯ ರೇಡಿಯೊ ಇದೆ, ಮಂಗಳೂರಿನ ಸೇಂಟ್ ಅಲೋಶಿಯಸ್‌ನಲ್ಲಿ ರೇಡಿಯೊ ಸಾರಂಗ್ ಇದೆ. ಹೋಗಿ ವಿಚಾರಿಸಿ, ಸುಮ್ನೆ ಕೂರಬೇಡಿ.

ಎಂ.ಎ.ಗೆ ಕೊಣಾಜೆ, ಮಣಿಪಾಲ, ಉಜಿರೆ, ಮೂಡುಬಿದಿರೆ, ಎಲ್ಲ ಕೈಗೆಟಕುವ ದೂರದಲ್ಲೇ ಇವೆ. ಫೀಸು ಮಾತ್ರ ಒಂದೇ ರೀತಿ ಇಲ್ಲ, ಮೊದಲೇ ಕೇಳಿಕೊಳ್ಳಿ. ಕಾಲೇಜಿನಲ್ಲಿ ಪಾಠ ಮಾಡುವ ಆಸೆ ಇದ್ದರೆ ಎಂ.ಎ. ಬೇಕೇ ಬೇಕು. ಸುದ್ದಿಮನೆಗಾದರೆ ಅದು ಅನುಕೂಲ, ಅಷ್ಟೇ. ಅಲ್ಲಿ ಸಾಮಾನ್ಯವಾಗಿ ಸುದ್ದಿ ಏಜೆನ್ಸಿಯ ಇಂಗ್ಲಿಷ್ ಕಾಪಿ ಕೊಟ್ಟು ಕನ್ನಡಕ್ಕೆ ಮಾಡಿ ಅಂತಾರೆ. ‘ನುಡಿ’ ತಂತ್ರಾಂಶದಲ್ಲಿ ಕನ್ನಡ ವೇಗವಾಗಿ ಟೈಪ್ ಮಾಡಲು ಬರಬೇಕು.

ಅಪ್ಪನ ಲೆಕ್ಕ ತಪ್ಪಲ್ಲ. ಶುರುವಿನ ಸಂಬಳ ಕಡಿಮೆ. ಬಿಡಿ ಸುದ್ದಿಗಾರರಿಗೆ ಕೆಲವು ಕಡೆ ಅಚ್ಚಾದ ಜಾಗ ಅಳೆದು ದುಡ್ಡು ಕೊಡುತ್ತಾರೆ, ಅದರಲ್ಲಿ ಪೆಟ್ರೋಲ್ ಹುಟ್ಟುವುದೂ ಕಷ್ಟ. ಮೊದಲ ಎರಡು ವರ್ಷ ಮನೆಯಲ್ಲೇ ಇದ್ದು ಕೆಲಸ ಮಾಡುವ ಹಾಗಿದ್ದರೆ ಒಳ್ಳೆಯದು. ಬೆಂಗಳೂರಿನ ಬಾಡಿಗೆ ಉಳಿಯುತ್ತದೆ ಅಲ್ವಾ? ಅಮ್ಮನಿಗೆ ಹೇಳಿ, ರಾತ್ರಿ ಪಾಳಿಯಲ್ಲಿ ಹೆಂಗಸರು ಎಷ್ಟೋ ವರ್ಷಗಳಿಂದ ಕೆಲಸ ಮಾಡುತ್ತಿದ್ದಾರೆ, ನಾನೂ ಮಾಡಿದ್ದೇನೆ. ಮನೆ ಬಾಗಿಲವರೆಗೆ ಆಫೀಸಿನ ಗಾಡಿ ಬಿಡುತ್ತದಾ ಅಂತ ಸಂದರ್ಶನದಲ್ಲೇ ಕೇಳಿ. ಮುಜುಗರ ಬೇಡ.

ಪ್ರಶ್ನೆ: ನಾವು ಮೂವರು ಗೆಳೆಯರು ಸೇರಿ ಇನ್‌ಸ್ಟಾಗ್ರಾಂನಲ್ಲಿ ಮಂಗಳೂರು ಸುದ್ದಿಯ ಪೇಜ್ ನಡೆಸುತ್ತಿದ್ದೇವೆ. ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ) ಕೇಸುಗಳ ಪೋಸ್ಟ್‌ಗೆ ವ್ಯೂಸ್ ಜಾಸ್ತಿ. ಹುಡುಗಿಯ ಹೆಸರು ಹಾಕುವುದಿಲ್ಲ. ಬೈಕಿಗೆ ‘ಪ್ರೆಸ್’ ಅಂತ ಸ್ಟಿಕರ್ ಹಾಕಬಹುದಾ?
– ಬಿ.ಕಾಂ. ವಿದ್ಯಾರ್ಥಿ, ಮಂಗಳೂರು

ಉತ್ತರ: ಸ್ಟಿಕರ್ ಹಾಕಿದರೆ ಹೆಲ್ಮೆಟ್ ಬೇಡ ಅಂತೇನೂ ಇಲ್ಲ, ಹಾಗಾಗಿ ಅದರಿಂದ ಲಾಭ ಕಾಣೆ.

ನಿಮ್ಮ ಪೇಜ್ ನೋಡಿದೆ. ಹೆಸರು ಇಲ್ಲ ನಿಜ. ಆದರೆ ಒಂದು ಪೋಸ್ಟ್‌ನಲ್ಲಿ ಶಾಲೆಯ ಹೆಸರಿದೆ, ತರಗತಿ ಇದೆ, ತಂದೆ ಏನು ಕೆಲಸ ಮಾಡುತ್ತಾರೆ ಅಂತಲೂ ಇದೆ. ಊರಿನವರಿಗೆ ಇನ್ನೇನು ಬೇಕು? ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಮಗುವಿನ ಹೆಸರು, ಫೋಟೊ ಮಾತ್ರ ಅಲ್ಲ, ವಿಳಾಸ, ಮನೆಯವರ ವಿವರ, ಶಾಲೆ, ನೆರೆಕರೆ, ಗುರುತು ಹಿಡಿಯಲು ದಾರಿಯಾಗುವ ಯಾವುದನ್ನೂ ಹಾಕುವಂತಿಲ್ಲ. ಹಾಕಿದವರಿಗೆ 6 ತಿಂಗಳಿಂದ 1 ವರ್ಷದವರೆಗೆ ಜೈಲು, ಇಲ್ಲವೇ ದಂಡ, ಅಥವಾ ಎರಡೂ ಆಗಬಹುದು. ‘ನಾವಿನ್ನೂ ಸ್ಟೂಡೆಂಟ್ಸ್’ ಅಂದರೆ ನಡೆಯುವುದಿಲ್ಲ. ದೊಡ್ಡ ಪತ್ರಿಕೆಗೆ ಇರುವ ನಿಯಮವೇ ನಿಮ್ಮ ಪೇಜಿಗೂ.

ಆ ಪೋಸ್ಟ್‌ಗಳನ್ನು ಇವತ್ತೇ ತೆಗೆಯಿರಿ. ವ್ಯೂಸ್ ಬೇಕಾದರೆ ಬೆಳಿಗ್ಗೆ ಬೇಗ ಎದ್ದು ಮೀನಿನ ಬೋಟು ಬರುವ ದಕ್ಕೆಗೆ ಹೋಗಿ, ಬಂಗುಡೆ, ಬೂತಾಯಿ ಮೀನಿನ ರೇಟ್ ಕೇಳಿ ಎಂಟು ಗಂಟೆಯೊಳಗೆ ಹಾಕಿ. ನಾನೂ ಫಾಲೋ ಮಾಡುತ್ತೇನೆ.